ಅಡಿಕೆ ಕೊಟ್ಟಿಗೆಯಲ್ಲಿ 23 ವರ್ಷ: ಹಳೆಯ ಎಂಜಿಬಿ ಕಾರನ್ನು ಮತ್ತೆ ಓಡಿಸಿದ ಕ್ರಮ

(ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಕೃಷಿಕರೂ ವಾಹನಾಸಕ್ತರೂ ಸೇರಿದ್ದ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಸಭಿಕರೆಲ್ಲರಿಗೂ ನಮಸ್ಕಾರ.

ಇಲ್ಲಿ ಕುಳಿತವರಲ್ಲಿ ಹೆಚ್ಚಿನವರ ಮನೆಯಲ್ಲಿ ಅಡಿಕೆಗೆ ಮದ್ದು ಬಿಡುವ ಒಂದು ಪೆಟ್ರೋಲ್ ಎಂಜಿನ್ ಇದ್ದೇ ಇರುತ್ತದೆ. ಆಟಿ ತಿಂಗಳ ಎರಡನೆಯ ಮದ್ದು ಮುಗಿದ ಮೇಲೆ ಅದನ್ನು ಒರೆಸಿ ಮೂಲೆಗೆ ಇಡುತ್ತೇವೆ. ಮುಂದಿನ ಮೇ ತಿಂಗಳ ಕೊನೆಗೆ, ಮಳೆ ತಲೆಯ ಮೇಲೆ ಬಂದು ನಿಂತಾಗ, ಹೊರಗೆ ತಂದು ಹಗ್ಗ ಎಳೆಯುತ್ತೇವೆ. ಅದು ಸ್ಟಾರ್ಟ್ ಆಗುವುದಿಲ್ಲ. ತೋಳು ಸೋಲುವವರೆಗೆ ಎಳೆದ ಮೇಲೆ ಕಾರ್ಬುರೇಟರ್ ಬಿಚ್ಚಿದರೆ, ತಳದಲ್ಲಿ ಹಲಸಿನ ಮೇಣದಂತಹ ಹಳದಿ ಅಂಟು ಕಾಣುತ್ತದೆ. ಒಂಬತ್ತು ತಿಂಗಳ ವಿಶ್ರಾಂತಿಗೆ ಒಂದು ಸಣ್ಣ ಎಂಜಿನ್ ಹೀಗಾಗುವುದಾದರೆ, 23 ವರ್ಷ ಅದೇ ಕೊಟ್ಟಿಗೆಯಲ್ಲಿ ನಿಂತ ಒಂದು ಕಾರು ಹೇಗಾಗಿರಬಹುದು ಎಂಬುದನ್ನು ನೀವೇ ಊಹಿಸಬಹುದು. ನಾನು ಇಂದು ಹೇಳಹೊರಟಿರುವುದು ಅಂತಹ ಒಂದು ಕಾರಿನ ವಿಷಯ, ಅದರಲ್ಲಿಯೂ ಮುಖ್ಯವಾಗಿ ಅದನ್ನು ಎಬ್ಬಿಸುವಾಗ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬ ವಿಷಯ. ನಾನು ಮೆಕ್ಯಾನಿಕ್ ಅಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಕೈಕೆಲಸದ ಬಹುಪಾಲನ್ನು ಮಾಡಿದವರು ಕುಂಬಳೆ ಕಡೆಯ ಒಬ್ಬ ಹಿರಿಯ ಮೇಸ್ತ್ರಿ. ಅವರು ಜೀವಮಾನವಿಡೀ ಅಂಬಾಸಡರ್ ಕಾರುಗಳನ್ನು ರಿಪೇರಿ ಮಾಡಿದವರು.

ಕಾರು ನನ್ನ ದೊಡ್ಡಪ್ಪನದು. 1966ರ ಎಂಜಿಬಿ, ತೆರೆದ ಮಾಡಿನ ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಮುಂಬಯಿಯಲ್ಲಿ ಕೆಲಸದಲ್ಲಿದ್ದಾಗ ಅವರು ಅದನ್ನು ಯಾರದೋ ಕೈಯಿಂದ ಕೊಂಡಿದ್ದರು. ಊರಿಗೆ ಬಂದ ಮೇಲೆ ಕೆಲವು ವರ್ಷ ಓಡಿಸಿ, 1996ರ ಮಳೆಗಾಲಕ್ಕೆ ಮುಂಚೆ ಅಡಿಕೆ ಕೊಟ್ಟಿಗೆಗೆ ನುಗ್ಗಿಸಿ, ಮೇಲೆ ತಾಡಪಾಲು ಹೊದಿಸಿದವರು ಮತ್ತೆ ತೆಗೆಯಲಿಲ್ಲ. 2019ರಲ್ಲಿ ನಾವು ತಾಡಪಾಲನ್ನು ಎತ್ತಿದೆವು.

ಈ ಕಾರಿನ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಇಂಗ್ಲೆಂಡಿನ ಆಬಿಂಗ್‌ಡನ್ ಎಂಬ ಊರಿನ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಈ ಮಾದರಿ ತಯಾರಾಯಿತು. ಒಟ್ಟು ಐದು ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು. 1798 ಸಿಸಿಯ ಎಂಜಿನ್, 95 ಅಶ್ವಶಕ್ತಿ. ಇಂದಿನ ಲೆಕ್ಕದಲ್ಲಿ ಅದು ದೊಡ್ಡ ಸಂಗತಿಯೇನಲ್ಲ. ಬಾಡಿಗೆಗೆ ಓಡುವ ಸಾಧಾರಣ ಕಾರು ಕೂಡ ಇದರ ಪಕ್ಕದಲ್ಲಿ ಹಿಂದೆ ಬೀಳಲಾರದು. ಆದರೆ ಮೇಸ್ತ್ರಿ ಬಾನೆಟ್ ಎತ್ತಿದೊಡನೆ ಹೇಳಿದ ಮಾತು ಬೇರೆ. "ಮಾಷ್ಟ್ರೇ, ಇದು ಅಂಬಾಸಡರ್‌ನ ಅಣ್ಣ ಅಲ್ಲವಾ?" ಎಂದರು. ಅವರ ಕಣ್ಣು ತಪ್ಪಲಿಲ್ಲ. ನಮ್ಮ ಹಳೆಯ ಪೆಟ್ರೋಲ್ ಅಂಬಾಸಡರ್‌ನ 1489 ಸಿಸಿ ಎಂಜಿನ್ನೂ ಎಂಜಿಬಿಯ ಎಂಜಿನ್ನೂ ಬಿಎಂಸಿ (ಬ್ರಿಟಿಷ್ ಮೋಟರ್ ಕಾರ್ಪೊರೇಷನ್) ಕಂಪನಿಯ 'ಬಿ ಸೀರೀಸ್' ಎಂಬ ಒಂದೇ ಮನೆತನದವು. ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ ಎರಡರಲ್ಲಿಯೂ ಒಂದೇ, 88.9 ಮಿಲಿಮೀಟರ್, ಸಿಲಿಂಡರಿನ ಅಗಲ ಮಾತ್ರ ಅಂಬಾಸಡರ್‌ನಲ್ಲಿ 73 ಮಿಲಿಮೀಟರ್, ಎಂಜಿಬಿಯಲ್ಲಿ ಸುಮಾರು 80. (1990ರ ದಶಕದಲ್ಲಿ ಬಂದ ಐಸುಝು ಎಂಜಿನಿನ 1800 ಅಂಬಾಸಡರ್ ಬೇರೆ ಜಾತಿಯದು, ಅಂಕೆ ಹತ್ತಿರವಿದೆಯೆಂದು ಸಂಬಂಧ ಹಚ್ಚಬಾರದು.) ಹೀಗಾಗಿ ವಿದೇಶಿ ಕಾರು ಎಂಬ ಭಯ ನಮಗೆ ಅಲ್ಲಿಗೇ ಮುಗಿಯಿತು.

ಇನ್ನು ಕೊಟ್ಟಿಗೆಯ ವಿಷಯ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ, ಮಾಡು ಸೋರದಿದ್ದರೂ ಗಾಳಿಯೇ ಒದ್ದೆ. ನಾಲ್ಕು ತಿಂಗಳು ಚಪ್ಪಲಿಗೆ ಬೂಷ್ಟು ಹಿಡಿಯುವಲ್ಲಿ ಕಬ್ಬಿಣಕ್ಕೆ ತುಕ್ಕು ಹಿಡಿಯುವುದನ್ನು ವಿವರಿಸಬೇಕಾಗಿಲ್ಲ. ಆದರೆ ನಮ್ಮ ಕೊಟ್ಟಿಗೆಯಲ್ಲಿ ಮತ್ತೊಂದು ಶತ್ರುವಿತ್ತು. ಕಾರಿನ ಹಿಂದಿನ ಎಡಚಕ್ರಕ್ಕೆ ತಾಗಿಕೊಂಡು, ಅಡಿಕೆಯ ಮದ್ದಿಗೆ ಬೇಕಾಗುವ ಮೈಲುತುತ್ತಿನ (ತಾಮ್ರದ ಸಲ್ಫೇಟಿನ) ಗೋಣಿಗಳನ್ನು ಇಡುವುದು ಮನೆಯ ರೂಢಿಯಾಗಿತ್ತು. ಒಂದು ಗೋಣಿ ಒಡೆದು, ಪುಡಿ ನೆಲಕ್ಕೆ ಬಿದ್ದು, ಮಳೆಗಾಲದ ಪಸೆಗೆ ಕರಗಿ, ಸಿಮೆಂಟು ನೆಲ ನೀಲಿಯಾಗಿತ್ತು. ಟಾರ್ಚು ಹಿಡಿದು ಮಲಗಿ ನೋಡಿದಾಗ, ಹಿಂದಿನ ಪಟ್ಟಿ ಸ್ಪ್ರಿಂಗಿನ ಕೊಂಡಿಯ ಬಳಿ ಬಣ್ಣ ಹೋದ ಜಾಗದಲ್ಲಿ ಕಬ್ಬಿಣದ ಮೇಲೆ ಹೊಸ ಕೊಡಪಾನದಂತಹ ಕೆಂಪು ಹೊಳಪು ಕಂಡಿತು. ಮೈಲುತುತ್ತಿನ ನೀರಿನಲ್ಲಿ ಕಬ್ಬಿಣದ ಮೊಳೆ ಅದ್ದಿದರೆ ತಾಮ್ರ ಬಂದು ಮೊಳೆಗೆ ಅಂಟುತ್ತದೆ, ಅಷ್ಟೇ ಕಬ್ಬಿಣ ಕರಗಿ ನೀರಿಗೆ ಹೋಗುತ್ತದೆ ಎಂಬ ಪ್ರಯೋಗವನ್ನು ನಾನು ತರಗತಿಯಲ್ಲಿ ಪ್ರತಿ ವರ್ಷ ಮಾಡಿ ತೋರಿಸಿದ್ದೆ. ಅದೇ ಪ್ರಯೋಗ ನಮ್ಮ ಮನೆಯ ಕೊಟ್ಟಿಗೆಯಲ್ಲಿ, ದೊಡ್ಡಪ್ಪನ ಕಾರಿನ ಅಡಿಯಲ್ಲಿ, ಯಾರೂ ಕೇಳದೆ ನಡೆಯುತ್ತ ಬಂದಿತ್ತು. ಆ ಕೊಂಡಿಯನ್ನು ಬದಲಿಸಬೇಕಾಯಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇಷ್ಟು ಕಾಲ ನಿಂತ ಗಾಡಿಯನ್ನು ಕಂಡಾಗ ಎಲ್ಲರಿಗೂ ಬರುವ ಆಸೆ ಒಂದೇ: ಹೊಸ ಬ್ಯಾಟರಿ ತಂದು, ನಾಲ್ಕು ಲೀಟರ್ ಪೆಟ್ರೋಲ್ ಸುರಿದು, ಕೀ ತಿರುಗಿಸಿ ನೋಡುವುದು. ಒಮ್ಮೆ 'ಡುರ್' ಎಂದು ಸದ್ದು ಬಂದರೆ ಉಳಿದದ್ದನ್ನು ನಿಧಾನಕ್ಕೆ ಮಾಡೋಣ ಎಂಬ ಯೋಚನೆ. ನಾನೂ ಹೀಗೆಯೇ ಯೋಚಿಸುವವನಾಗಿದ್ದೆ. ಬಹಳ ವರ್ಷಗಳ ಹಿಂದೆ, ನಾಲ್ಕೈದು ವರ್ಷ ನಿಂತಿದ್ದ ನಮ್ಮದೇ ಒಂದು ಜೀಪಿಗೆ ಹೀಗೆ ಬ್ಯಾಟರಿ ಹಾಕಿ ಸೆಲ್ಫ್ ಒತ್ತಿದೆ. ಎಂಜಿನ್ ಒಂದು ಕ್ಷಣ ತಡೆದು, ಆಮೇಲೆ 'ಟಕ್' ಎಂದು ತಿರುಗಿತು. ನನಗೆ ಸಂತೋಷವಾಯಿತು. ಆ 'ಟಕ್' ಎಂಬುದು ತುಕ್ಕಿನಿಂದ ಸಿಲಿಂಡರಿಗೆ ಅಂಟಿದ್ದ ಪಿಸ್ಟನ್ ರಿಂಗು ಮುರಿದ ಸದ್ದೆಂಬುದು ಒಂದು ವಾರ ನೀಲಿ ಹೊಗೆ ಬಿಟ್ಟ ಮೇಲೆ, ಎಂಜಿನ್ ಬಿಚ್ಚಿದಾಗ ತಿಳಿಯಿತು. ಮುರಿದ ರಿಂಗು ಸಿಲಿಂಡರಿನ ಗೋಡೆಗೆ ಉದ್ದಕ್ಕೂ ಗೀರು ಹಾಕಿತ್ತು. ಐದು ವರ್ಷದ ತುಕ್ಕು ಮಾಡದ ಹಾಳನ್ನು ನನ್ನ ಹೆಬ್ಬೆರಳು ಒಂದು ಕ್ಷಣದಲ್ಲಿ ಮಾಡಿತ್ತು.

ಆದ್ದರಿಂದ ಈ ಸಲ ಕೀಯನ್ನು ದೊಡ್ಡಮ್ಮನ ಕೈಗೆ ಕೊಟ್ಟು, ಕೇಳಿದರೂ ಕೊಡಬಾರದು ಎಂದು ಹೇಳಿದೆ.

ಮೊದಲು ನಾಲ್ಕೂ ಪ್ಲಗ್ ತೆಗೆದೆವು. ಮೊಬೈಲಿಗೆ ಜೋಡಿಸುವ ಪೆನ್ಸಿಲಿಗಿಂತ ತೆಳುವಾದ ಕ್ಯಾಮರಾ ಈಗ ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ; ಅದನ್ನು ಪ್ಲಗ್ಗಿನ ತೂತಿನ ಮೂಲಕ ಇಳಿಸಿ ಒಳಗೆ ನೋಡಿದೆವು. 1 ಮತ್ತು 3ನೆಯ ಸಿಲಿಂಡರುಗಳ ಗೋಡೆ ಬಹುತೇಕ ಶುಭ್ರವಾಗಿತ್ತು. 2 ಮತ್ತು 4ರಲ್ಲಿ ಕೆಂಪು ತುಕ್ಕು. ಒಂದೇ ಎಂಜಿನ್, ಒಂದೇ ಕೊಟ್ಟಿಗೆ, ಒಂದೇ ಗಾಳಿ. ಎರಡಕ್ಕೆ ಮಾತ್ರ ತುಕ್ಕು ಏಕೆ? ಮೇಸ್ತ್ರಿಗೆ ಇದು ಸೋಜಿಗವಾಗಿ ಕಾಣಲಿಲ್ಲ, ಅವರು ಎಷ್ಟೋ ಸಲ ನೋಡಿದ್ದರು. ಆದರೆ ಕಾರಣವನ್ನು ಕಾಗದದ ಮೇಲೆ ಬಿಡಿಸಿ ನೋಡಿದಾಗ ನನಗೆ ಬಹಳ ಖುಷಿಯಾಯಿತು. ಈ ಎಂಜಿನಿನಲ್ಲಿ ಕಿಡಿ ಹಾರುವ ಸರದಿ 1, 3, 4, 2. ಎಂಜಿನ್ ನಿಂತ ಗಳಿಗೆಯಲ್ಲಿ 1ನೆಯದು ಶಕ್ತಿ ಕೊಡುವ ಹೊಡೆತದಲ್ಲಿದ್ದರೆ, ಅದರ ಹಿಂದೆ ಬರುವ 3ನೆಯದು ಗಾಳಿಯನ್ನು ಒತ್ತುವ ಹಂತದಲ್ಲಿರುತ್ತದೆ. ಇವೆರಡರಲ್ಲಿಯೂ ವಾಲ್ವ್‌ಗಳು ಮುಚ್ಚಿರುತ್ತವೆ. ಆದರೆ 4ನೆಯದು ಗಾಳಿ ಎಳೆಯುವ ಹಂತದಲ್ಲಿ, ಕಾರ್ಬುರೇಟರಿನ ಕಡೆಗೆ ಬಾಗಿಲು ತೆರೆದು ನಿಂತಿರುತ್ತದೆ. 2ನೆಯದು ಹೊಗೆ ಹೊರಹಾಕುವ ಹಂತದಲ್ಲಿ, ಸೈಲೆನ್ಸರಿನ ಕಡೆಗೆ ತೆರೆದಿರುತ್ತದೆ. ಅಂದರೆ 1996ರಲ್ಲಿ ದೊಡ್ಡಪ್ಪ ಕೀ ತೆಗೆದ ಆ ಒಂದು ಗಳಿಗೆಯಲ್ಲಿ ಯಾವ ಎರಡು ಬಾಗಿಲು ತೆರೆದಿದ್ದವೋ, ಆ ಎರಡು ಕೋಣೆಗಳಿಗೆ 23 ಮಳೆಗಾಲಗಳ ಗಾಳಿ ನುಗ್ಗಿತ್ತು.

ಆಟೋಮ್ಯಾಟಿಕ್ ಗೇರ್ ಆಯಿಲನ್ನು ಅಸಿಟೋನ್ ಜತೆಗೆ ಅರ್ಧಕ್ಕೆ ಅರ್ಧ ಬೆರೆಸಿ ಪ್ರತಿ ಸಿಲಿಂಡರಿಗೂ ಎರಡು ಮೂರು ಚಮಚೆಯಷ್ಟು ಹಾಕಿ ಬಿಟ್ಟೆವು. ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರಕೆಯೂ ನಡೆಯುತ್ತದೆ, ಸ್ವಲ್ಪ ನಿಧಾನ. ತೆಂಗಿನೆಣ್ಣೆ ಹಾಕಬಹುದೇ ಎಂದು ನಮ್ಮ ಊರಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಹಾಕಬಾರದು, ಕಾಲ ಕಳೆದಂತೆ ಅದು ತಾನೇ ಅಂಟಾಗುತ್ತದೆ. ಎರಡು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಹಾಕುತ್ತ, ವಾರಕ್ಕೊಮ್ಮೆ ಕ್ರ್ಯಾಂಕಿನ (ಪಿಸ್ಟನ್‌ಗಳಿಗೆ ಜೋಡಿಸಿದ, ತಿರುಗುವ ದಂಡದ) ನಟ್ಟಿಗೆ ಸ್ಪ್ಯಾನರ್ ಇಟ್ಟು, ಕೈಬಲದಷ್ಟೇ, ಹಿಂದಕ್ಕೂ ಮುಂದಕ್ಕೂ ಒತ್ತಿ ನೋಡುವುದು ಎಂದು ನಿಶ್ಚಯಿಸಿದೆವು. ಸ್ಪ್ಯಾನರಿಗೆ ಪೈಪು ಸೇರಿಸಿ ಉದ್ದ ಮಾಡುವುದನ್ನು ಮೇಸ್ತ್ರಿ ಖಡಾಖಂಡಿತವಾಗಿ ಬೇಡವೆಂದರು. ಅಷ್ಟರಲ್ಲಿ 2020ರ ಮಾರ್ಚ್ ಬಂತು. ಕೇರಳ, ಕರ್ನಾಟಕಗಳ ನಡುವಿನ ತಲಪಾಡಿಯ ಗಡಿ ಮುಚ್ಚಿತು, ಮಂಗಳೂರಿನಿಂದ ತರಬೇಕಿದ್ದ ಸಾಮಾನು ಬರಲಿಲ್ಲ, ಕುಂಬಳೆಯಿಂದ ಮೇಸ್ತ್ರಿಯೂ ಬರುವಂತಿರಲಿಲ್ಲ. ನಾನು ಒಬ್ಬನೇ ಎಣ್ಣೆ ಹಾಕುತ್ತ, ಒತ್ತುತ್ತ ಇದ್ದೆ. ಲಾಕ್‌ಡೌನ್ ಇಲ್ಲದಿದ್ದರೆ ನಮಗೆ ಅಷ್ಟು ತಾಳ್ಮೆ ಇರುತ್ತಿತ್ತೆಂದು ನನಗನಿಸುವುದಿಲ್ಲ. ಮೇ ತಿಂಗಳ ಒಂದು ಬೆಳಿಗ್ಗೆ ಸ್ಪ್ಯಾನರಿನ ತುದಿ ಉಗುರಿನ ದಪ್ಪದಷ್ಟು ಸರಿಯಿತು. ಸ್ಪ್ಯಾನರೇ ಜಾರಿತೇನೋ ಎಂದು ಸಂಶಯಪಟ್ಟು, ಪುಲ್ಲಿಗೆ ಸುಣ್ಣದಿಂದ ಒಂದು ಗೆರೆ ಎಳೆದು ಮತ್ತೆ ಒತ್ತಿದೆ. ಗೆರೆ ಸರಿಯಿತು. ಆ ದಿನ ಅಷ್ಟೇ ಸಾಕೆಂದು ಎದ್ದುಬಂದೆ. ಪೂರ್ಣ ಒಂದು ಸುತ್ತು ಬರಲು ಮತ್ತೆ ಒಂಬತ್ತು ದಿನ ಹಿಡಿಯಿತು.

ಎಂಜಿನ್ ತಿರುಗಿತೆಂದರೆ ಚಾಲೂ ಮಾಡಬಹುದೆಂದು ಅರ್ಥವಲ್ಲ. ಇಷ್ಟು ವರ್ಷದಲ್ಲಿ ಬೇರಿಂಗುಗಳ ನಡುವಿನ ಆಯಿಲಿನ ಪದರವೆಲ್ಲ ಕೆಳಗಿಳಿದು ಲೋಹಕ್ಕೆ ಲೋಹ ತಾಗಿ ಕುಳಿತಿರುತ್ತದೆ. ಸಂಪ್ (ಎಂಜಿನಿನ ಅಡಿಯಲ್ಲಿ ಆಯಿಲ್ ನಿಲ್ಲುವ ಪಾತ್ರೆ) ಬಿಚ್ಚಿದಾಗ ತಳದಲ್ಲಿ ಗೆರಟೆಯಿಂದ ತೆಗೆಯಬಹುದಾದಷ್ಟು ಕಪ್ಪು ಕೆಸರು ಇತ್ತು. ಅದನ್ನೆಲ್ಲ ತೆಗೆದು, ಆಯಿಲ್ ಪಂಪಿನ ಜಾಲರಿ ತೊಳೆದು, 20ಡಬ್ಲ್ಯೂ-50 ಮಿನರಲ್ ಆಯಿಲ್ ತುಂಬಿಸಿದೆವು. ಹಳೆಯ ಎಂಜಿನುಗಳಲ್ಲಿ ವಾಲ್ವ್‌ಗಳನ್ನು ತೆರೆಯಿಸುವ ಕ್ಯಾಮ್ ಮತ್ತು ಟ್ಯಾಪೆಟ್ ಒಂದರ ಮೇಲೊಂದು ಉಜ್ಜುತ್ತಲೇ ಇರುವುದರಿಂದ ಸತು ಮತ್ತು ರಂಜಕದ ಅಂಶ ಸಾಕಷ್ಟಿರುವ ಆಯಿಲ್ ಬೇಕು. ಹೊಸ ಕಾರುಗಳಿಗೆಂದು ಮಾರುವ ನೀರಿನಂತಹ ತೆಳು ಆಯಿಲ್ ಎಷ್ಟು ದುಬಾರಿಯದಾದರೂ ಇದಕ್ಕೆ ಆಗದು. ಟ್ಯಾಪೆಟ್ ಮುಚ್ಚಳ ತೆಗೆದು ಮೇಲಿನಿಂದ ಆಯಿಲ್ ಸುರಿದು, ಪ್ಲಗ್ಗುಗಳಿಲ್ಲದೆಯೇ ಸೆಲ್ಫ್ ತಿರುಗಿಸಿ, ಡ್ಯಾಶ್‌ಬೋರ್ಡಿನ ಆಯಿಲ್ ಪ್ರೆಶರ್ ಮೀಟರಿನ ಮುಳ್ಳು ಮೇಲೇಳುವವರೆಗೆ ಕಾಯಬೇಕು. ಆದರೆ ಈ ಹಂತಕ್ಕೆ ಬರುವ ಮೊದಲು ನಾವು ಬೇರೊಂದು ಕೆಲಸ ಮುಗಿಸಿದ್ದೆವು. ಅದನ್ನು ಬಿಡಿಸಿ ಹೇಳಬೇಕು.

ಅದು ಬ್ರೇಕ್. ನಮ್ಮ ಮನೆಯ ಅಂಗಳದಿಂದ ರಸ್ತೆಗೆ ಇಳಿಯುವ ದಾರಿ ನೋಡಿದವರಿಗೆ ಇದನ್ನು ಮೊದಲು ಮಾಡಬೇಕೆಂಬುದಕ್ಕೆ ಬೇರೆ ವಾದ ಬೇಡ. ಎಂಜಿನ್ ಚಾಲೂ ಆದ ಖುಷಿಯಲ್ಲಿ ಯಾರೂ ಗಾಡಿಯನ್ನು ಅಲ್ಲಿಯೇ ನಿಲ್ಲಿಸುವುದಿಲ್ಲ. ನಾಲ್ಕು ಮಾರು ಮುಂದೆ ಹೋಗಿಯೇ ಹೋಗುತ್ತಾರೆ. ಆ ನಾಲ್ಕು ಮಾರಿನಲ್ಲಿ ನಿಲ್ಲಿಸಲು ಏನಾದರೂ ಬೇಕು.

ಬ್ರೇಕ್ ಆಯಿಲ್ ಎಂದು ನಾವು ಕರೆಯುವುದು ನಿಜವಾಗಿ ಎಣ್ಣೆಯೇ ಅಲ್ಲ. ಅದು ಗ್ಲೈಕಾಲ್ ಜಾತಿಯ ದ್ರವ, ಉಪ್ಪಿನಂತೆ ಗಾಳಿಯ ಪಸೆಯನ್ನು ಹೀರುವ ಗುಣ ಅದಕ್ಕಿದೆ. ಡಾಟ್ 3 ಎಂಬ ದರ್ಜೆಯ ಹೊಸ ದ್ರವ ಕುದಿಯುವುದು ಕನಿಷ್ಠ 205 ಡಿಗ್ರಿಯಲ್ಲಿ. ನೀರು ಹೀರಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4ರಲ್ಲಿ ಇವೇ ಅಂಕೆಗಳು 230 ಮತ್ತು 155. ಇಳಿಜಾರಿನಲ್ಲಿ ಬ್ರೇಕ್ ಬಿಸಿಯಾಗಿ ಒಳಗಿನ ನೀರು ಆವಿಯಾದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಕುದಿಯುವ ಮಾತು ಹಾಗಿರಲಿ, ಹೀರಿದ ನೀರು ಒಳಗಿನಿಂದಲೇ ಸಿಲಿಂಡರುಗಳನ್ನು ತಿನ್ನುತ್ತದೆ. ನಮ್ಮ ಕಾರಿನ ಮುಂದಿನ ಡಿಸ್ಕ್ ಬ್ರೇಕಿನ ಪಿಸ್ಟನ್‌ಗಳು ಅಲ್ಲಾಡಲೂ ತಯಾರಿರಲಿಲ್ಲ, ಹಿಂದಿನ ಡ್ರಮ್ಮಿನ ಸಿಲಿಂಡರುಗಳ ಒಳಗೋಡೆ ಸಿಡುಬಿನ ಕಲೆಯಂತೆ ಗುಳಿ ಬಿದ್ದಿತ್ತು. ಎಲ್ಲವನ್ನೂ ಹೊಸದಾಗಿ ಹಾಕಿದೆವು. ಐದು ಲಕ್ಷ ಕಾರು ಮಾಡಿದ ಲಾಭ ಇಲ್ಲಿ ಕಾಣುತ್ತದೆ: ಎಂಜಿಬಿಯ ಬಿಡಿಭಾಗಗಳು ಇಂದಿಗೂ ಇಂಗ್ಲೆಂಡಿನಲ್ಲಿ ಹೊಸದಾಗಿಯೇ ಸಿಗುತ್ತವೆ, 1988ರಿಂದೀಚೆಗೆ ಪೂರ್ತಿ ಬಾಡಿಯನ್ನೇ ಹಳೆಯ ಅಚ್ಚುಗಳಿಂದ ಮತ್ತೆ ಒತ್ತಿ ಮಾರಿದ್ದಾರೆ. ಕಸ್ಟಮ್ಸ್ ಸುಂಕ ಕಟ್ಟುವಾಗ ಮಾತ್ರ ನಗು ಮಾಸುತ್ತದೆ.

ಎರಡು ಎಚ್ಚರಿಕೆಗಳನ್ನು ಇಲ್ಲಿಯೇ ಹೇಳಬೇಕು. ಒಂದು, ಬ್ರೇಕಿನ ರಬ್ಬರ್ ಹೋಸ್. ಹೊರಗಿನಿಂದ ನೋಡಿದರೆ ನಮ್ಮವು ಚೆನ್ನಾಗಿಯೇ ಇದ್ದವು. ಉದ್ದಕ್ಕೆ ಸೀಳಿ ನೋಡಿದಾಗ ಒಳಗಿನ ರಬ್ಬರ್ ಉಬ್ಬಿ, ಸೂಜಿ ಹೋಗುವಷ್ಟು ದಾರಿ ಮಾತ್ರ ಉಳಿದಿತ್ತು. ಅಂತಹ ಹೋಸಿನಲ್ಲಿ ಪೆಡಲ್ ಒತ್ತಿದಾಗ ದ್ರವ ರಭಸಕ್ಕೆ ಮುಂದೆ ಹೋಗುತ್ತದೆ, ಬಿಟ್ಟಾಗ ಹಿಂದಕ್ಕೆ ಬರುವುದಿಲ್ಲ. ಆ ಒಂದು ಚಕ್ರ ಹಿಡಿದುಕೊಂಡೇ ಇರುತ್ತದೆ, ಗಾಡಿ ಒಂದು ಬದಿಗೆ ಎಳೆಯುತ್ತದೆ. ಇನ್ನೊಂದು, ಬ್ರೇಕ್ ದ್ರವ ಕಡಿಮೆಯಾದಾಗ ಎಂಜಿನ್ ಆಯಿಲ್ ಸುರಿಯುವ ಕೆಟ್ಟ ಅಭ್ಯಾಸ. ಮಿನರಲ್ ಆಯಿಲ್ ತಾಗಿದರೆ ಈ ರಬ್ಬರ್ ವಾಷರುಗಳು ನೀರಿನಲ್ಲಿ ನೆನೆದ ಕಡಲೆಯಂತೆ ಊದಿಕೊಳ್ಳುತ್ತವೆ. ನಮ್ಮ ಕಾರಿನ ಬ್ರೇಕಿಗೆ ಮಾಸ್ಟರ್ ಸಿಲಿಂಡರಿನಿಂದ ನಾಲ್ಕೂ ಚಕ್ರಕ್ಕೆ ಹೋಗುವುದು ಒಂದೇ ಮಾರ್ಗ. ಈಗಿನ ಕಾರುಗಳಂತೆ ಎರಡು ಪ್ರತ್ಯೇಕ ಮಾರ್ಗಗಳಿಲ್ಲ. ಎಲ್ಲಿಯೋ ಒಂದು ವಾಷರ್ ಕೈಕೊಟ್ಟರೆ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ, ಉಳಿಯುವುದು ಹ್ಯಾಂಡ್ ಬ್ರೇಕ್ ಮಾತ್ರ. ಹಳೆಯ ಬ್ರೇಕ್ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುವುದರಿಂದ ಡ್ರಮ್ಮಿನ ಧೂಳನ್ನು ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು ಎಂಬುದನ್ನೂ ಸೇರಿಸುತ್ತೇನೆ.

ಟಯರಿನ ವಿಷಯದಲ್ಲಿ ಜಿಪುಣತನ ಸಲ್ಲದು; ಹಲ್ಲು ಎಷ್ಟೇ ಇದ್ದರೂ 23 ವರ್ಷದ ರಬ್ಬರ್ ಹಲಗೆಯಾಗಿರುತ್ತದೆ, ಎಸೆಯಬೇಕು. ಚಕ್ರಗಳು ಸೈಕಲಿನಂತೆ ಕಡ್ಡಿಯವು, ಒಂದೊಂದಕ್ಕೆ 60 ಕಡ್ಡಿ. ಮೇಸ್ತ್ರಿ ಸಣ್ಣ ಸ್ಪ್ಯಾನರಿನಿಂದ ಒಂದೊಂದು ಕಡ್ಡಿಯನ್ನೂ ತಟ್ಟಿ ಕೇಳುತ್ತ ಹೋದರು. ಬಿಗಿ ಇದ್ದದ್ದು 'ಟಿಣ್' ಎನ್ನುತ್ತದೆ, ಸಡಿಲಾದದ್ದು 'ಟಪ್' ಎನ್ನುತ್ತದೆ. ಯಕ್ಷಗಾನದ ಆಟಕ್ಕೆ ಮುಂಚೆ ಚೌಕಿಯಲ್ಲಿ (ವೇಷ ಕಟ್ಟುವ ಜಾಗದಲ್ಲಿ) ಚೆಂಡೆ ಶ್ರುತಿ ಮಾಡುವವರನ್ನು ನೋಡಿ ಬೆಳೆದ ನಮಗೆ ಆ ಸದ್ದಿನ ವ್ಯತ್ಯಾಸ ಕೂಡಲೇ ಹಿಡಿಯಿತು. 240 ಕಡ್ಡಿಗಳಲ್ಲಿ 11 ಸಡಿಲವಿದ್ದವು.

ಪೆಟ್ರೋಲಿನ ದಾರಿಗೆ ಬರೋಣ. ಟ್ಯಾಂಕಿನ ಮುಚ್ಚಳ ತೆಗೆದಾಗ ಬಂದದ್ದು ಪೆಟ್ರೋಲಿನ ವಾಸನೆಯಲ್ಲ, ಹಳೆಯ ವಾರ್ನಿಷಿನದು. ಈ ಕಾರಿನ ಟ್ಯಾಂಕ್ ಡಿಕ್ಕಿಯ ತಳಕ್ಕೆ ಅಂಟಿಕೊಂಡಂತೆ ಇರುವುದರಿಂದ ಎರಡರ ನಡುವೆ ಮಣ್ಣು, ನೀರು ನಿಂತು ಟ್ಯಾಂಕಿನ ಮೇಲ್ಮೈಯೇ ಮೊದಲು ತೂತಾಗುತ್ತದೆ. ಕೆಳಗಿನಿಂದ ನೋಡಿ ಚೆನ್ನಾಗಿದೆ ಎಂದುಕೊಳ್ಳಬಾರದು, ಇಳಿಸಿಯೇ ನೋಡಬೇಕು. ನಮ್ಮದು ತೂತಾಗಿರಲಿಲ್ಲ. ಒಂದು ತುಂಡು ಸರಪಳಿ, ಸ್ವಲ್ಪ ಡೀಸೆಲ್ ಒಳಗೆ ಹಾಕಿ, ಟ್ಯಾಂಕನ್ನು ಹಳೆಯ ಹಾಸಿಗೆಯಲ್ಲಿ ಸುತ್ತಿ, ಕಾಂಕ್ರೀಟ್ ಬೆರೆಸುವ ಯಂತ್ರದಲ್ಲಿ ಕಟ್ಟಿ ಎರಡು ಗಂಟೆ ತಿರುಗಿಸಿದೆವು. ಆಮೇಲೆ ಫಾಸ್ಫಾರಿಕ್ ಆಮ್ಲದ ದ್ರಾವಣದಿಂದ ತೊಳೆದೆವು. ಬೆಸುಗೆ ಹಾಕಬೇಕಾಗಿ ಬಂದರೆ ಒಂದು ಮಾತು ನೆನಪಿರಲಿ: ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಹೆಚ್ಚು ಅಪಾಯಕಾರಿ, ಏಕೆಂದರೆ ಒಳಗೆ ಉಳಿದ ಆವಿ ಗಾಳಿಯೊಂದಿಗೆ ಸೇರಿ ಸಿಡಿಯುವ ಹದಕ್ಕೆ ಬಂದಿರುತ್ತದೆ.

ಕಾರ್ಬುರೇಟರುಗಳು ಎರಡು, ಎಸ್‌ಯು ಕಂಪನಿಯವು. ಎಸ್‌ಯು ಎಂದರೆ ಸ್ಕಿನ್ನರ್ ಯೂನಿಯನ್. ಇದನ್ನು ರೂಪಿಸಿದ ಸ್ಕಿನ್ನರ್ ಸಹೋದರರು ಲಂಡನ್ನಿನ ಚಪ್ಪಲಿ ವ್ಯಾಪಾರದ ಮನೆತನದವರು; ಆರಂಭದ ಕಾರ್ಬುರೇಟರುಗಳಲ್ಲಿ ಒಳಗೆ ಚರ್ಮದ ತಿದಿಯನ್ನೇ ಇಟ್ಟಿದ್ದರು. ನಮ್ಮ ಕಾರಿನ ಕಾಲಕ್ಕೆ ತಿದಿಯ ಜಾಗದಲ್ಲಿ ಒಂದು ಪಿಸ್ಟನ್ ಬಂದಿತ್ತು. ಎಂಜಿನ್ ಗಾಳಿ ಎಳೆದಷ್ಟು ಪಿಸ್ಟನ್ ಏಳುತ್ತದೆ, ಅದಕ್ಕೆ ಕಟ್ಟಿದ ಚೂಪು ಸೂಜಿ ಜೆಟ್ಟಿನಿಂದ (ಪೆಟ್ರೋಲ್ ಬರುವ ಸಣ್ಣ ತೂತಿನಿಂದ) ಅಷ್ಟೇ ಮೇಲೇಳುತ್ತದೆ, ಪೆಟ್ರೋಲ್ ಅದೇ ಪ್ರಮಾಣದಲ್ಲಿ ಬರುತ್ತದೆ. ಇಷ್ಟು ಸರಳವಾದ, ಇಷ್ಟು ಜಾಣತನದ ವ್ಯವಸ್ಥೆಯನ್ನು ನಾನು ಬೇರೆ ಕಂಡಿಲ್ಲ. ಪಿಸ್ಟನನ್ನು ಬೆರಳಿನಿಂದ ಎತ್ತಿ ಬಿಟ್ಟರೆ ಅದು ತಡೆಯಿಲ್ಲದೆ ಬಿದ್ದು 'ಟಕ್' ಎನ್ನಬೇಕು; ನಮ್ಮದು ಮೇಲೆಯೇ ನಿಂತಿತು. ಹುಣಸೆಹುಳಿಯಲ್ಲಿ ನೆನೆಹಾಕಿ ಎಂದು ಯಾರೋ ಸಲಹೆ ಕೊಟ್ಟರು. ಹಿತ್ತಾಳೆಯ ದೀಪಕ್ಕೆ ಅದು ಒಳ್ಳೆಯದು, ಅಲ್ಯೂಮಿನಿಯಂ ಪಿಸ್ಟನಿಗೆ ಅಲ್ಲ. ಥಿನ್ನರ್ ಮತ್ತು ಹತ್ತಿಬಟ್ಟೆ ಸಾಕಾಯಿತು. ಎರಡೂ ಕಾರ್ಬುರೇಟರುಗಳು ಸಮನಾಗಿ ಗಾಳಿ ಎಳೆಯುತ್ತಿವೆಯೇ ಎಂದು ತಿಳಿಯಲು ಮೇಸ್ತ್ರಿಯ ಉಪಕರಣ ಒಂದು ಮೊಳ ರಬ್ಬರ್ ನಳಿಗೆ: ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬುರೇಟರಿನ ಬಾಯಿಗೆ. ಎರಡರ 'ಸುಸ್' ಒಂದೇ ಸ್ವರಕ್ಕೆ ಬರುವವರೆಗೆ ಸ್ಕ್ರೂ ತಿರುಗಿಸುವುದು.

ಈಗಿನ ಪೆಟ್ರೋಲಿನ ಬಗ್ಗೆ ಬಹಳ ಮಂದಿ ಕೇಳುತ್ತಾರೆ. 2023ರ ಫೆಬ್ರವರಿಯಿಂದ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಬಂಕುಗಳಿಗೆ ಬರತೊಡಗಿತು. 1966ರ ರಬ್ಬರ್ ಇದನ್ನು ತಾಳುವುದಿಲ್ಲ. ಹೋಸುಗಳನ್ನೂ ಪಂಪಿನ ಒಳಗಿನ ಪೊರೆಯನ್ನೂ ಎಥನಾಲ್ ತಾಳುವಂಥವಕ್ಕೆ ಬದಲಿಸಬೇಕು. ಎಥನಾಲ್ ಕೂಡ ಬ್ರೇಕ್ ದ್ರವದಂತೆ ನೀರು ಹೀರುತ್ತದೆ, ನೀರು ಮಿತಿ ಮೀರಿದರೆ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಎಥನಾಲಿಗೆ ಉರಿಯಲು ಗಾಳಿ ಕಡಿಮೆ ಸಾಕಾಗುವುದರಿಂದ ಹಳೆಯ ಲೆಕ್ಕದ ಸೂಜಿಯಲ್ಲಿ ಮಿಶ್ರಣ ತೆಳುವಾಗುತ್ತದೆ. ಜೆಟ್ಟನ್ನು ಸ್ವಲ್ಪ ಇಳಿಸಿ ಪೆಟ್ರೋಲ್ ಹೆಚ್ಚಿಸಬೇಕಾಯಿತು.

ವಯರಿಂಗನ್ನು ಇಲಿಗಳು ತಮಗೆ ಬೇಕಾದಷ್ಟು ತಿಂದಿದ್ದವು, ಎಲ್ಲ ಹೊಸದಾಗಿ ಎಳೆದೆವು. ಇಡೀ ಕಾರಿಗೆ ಫ್ಯೂಸ್ ಇರುವುದು ಎರಡೇ ಆದ್ದರಿಂದ ಅದೇನೂ ದೊಡ್ಡ ಕೆಲಸವಾಗಲಿಲ್ಲ. ಗಮನಿಸಬೇಕಾದದ್ದು ಒಂದೇ. 1967ರವರೆಗಿನ ಎಂಜಿಬಿಗಳಲ್ಲಿ ಬ್ಯಾಟರಿಯ ಪ್ಲಸ್ ತಂತಿಯನ್ನು ಕಾರಿನ ಬಾಡಿಗೆ (ಲೋಹದ ಮೈಗೆ) ಜೋಡಿಸುತ್ತಾರೆ, ಈಗಿನ ಕಾರುಗಳಿಗೆ ತದ್ವಿರುದ್ಧ. ಅಭ್ಯಾಸಬಲದಿಂದ ಮೈನಸ್ಸನ್ನು ಬಾಡಿಗೆ ಕೊಟ್ಟರೆ ಅನರ್ಥವಾಗುತ್ತದೆ. ಮೇಸ್ತ್ರಿ ಬ್ಯಾಟರಿಯ ಮುಚ್ಚಳದ ಮೇಲೆ ಕೆಂಪು ಬಣ್ಣದಲ್ಲಿ 'ಪ್ಲಸ್ ಬಾಡಿಗೆ' ಎಂದು ಮಲಯಾಳದಲ್ಲಿಯೂ ಕನ್ನಡದಲ್ಲಿಯೂ ಬರೆದಿಟ್ಟರು.

2021ರ ಜನವರಿಯಲ್ಲಿ ಒಂದು ಭಾನುವಾರ ದೊಡ್ಡಮ್ಮನ ಕೈಯಿಂದ ಕೀ ಹಿಂದಕ್ಕೆ ಪಡೆದೆ. ಕೀ ತಿರುಗಿಸಿದಾಗ ಹಿಂದಿನಿಂದ ಪೆಟ್ರೋಲ್ ಪಂಪ್ 'ಟಿಕ್ ಟಿಕ್ ಟಿಕ್' ಎಂದು ವೇಗವಾಗಿ ಹೊಡೆದು, ಕಾರ್ಬುರೇಟರುಗಳ ಬಟ್ಟಲು ತುಂಬಿದ ಮೇಲೆ ನಿಂತಿತು. ನಿಲ್ಲದೆ ಹೊಡೆಯುತ್ತಲೇ ಇದ್ದರೆ ಎಲ್ಲಿಯೋ ಸೋರುತ್ತಿದೆ ಎಂದು ಅರ್ಥ. ಪ್ಲಗ್ಗುಗಳಿಲ್ಲದೆ ತಿರುಗಿಸಿದಾಗ ಆಯಿಲ್ ಪ್ರೆಶರಿನ ಮುಳ್ಳು ಏಳಲು ಸುಮಾರು ಅರ್ಧ ನಿಮಿಷ ಹಿಡಿಯಿತು. ಪ್ಲಗ್ ಹಾಕಿ, ಬಕೆಟಿನಲ್ಲಿ ಮರಳು, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು, ಮತ್ತೆ ಸೆಲ್ಫ್ ಒತ್ತಿದೆವು. ಮೂರನೆಯ ಸಲಕ್ಕೆ ಎರಡು ಸಿಲಿಂಡರ್ ಹಿಡಿಯಿತು, ಗಾಡಿ ನಡುಗಿತು, ಆಮೇಲೆ ಉಳಿದೆರಡೂ ಸೇರಿಕೊಂಡವು. ಸೈಲೆನ್ಸರಿನಿಂದ ಮೊದಲು ಇಲಿಗೂಡಿನ ಕಸ, ಅಡಿಕೆಸಿಪ್ಪೆಯ ಚೂರು, ಆಮೇಲೆ ಅಂಗಳ ತುಂಬುವಷ್ಟು ಬಿಳಿ ಹೊಗೆ. ಸಿಲಿಂಡರಿಗೆ ನಾವೇ ಹಾಕಿದ್ದ ಎಣ್ಣೆ ಉರಿದು ಮುಗಿಯಲು ಹತ್ತು ನಿಮಿಷ ಬೇಕಾಯಿತು. ಎಂಜಿನ್ ಬಿಸಿಯಾದ ಮೇಲೆ ಮುಳ್ಳು 55ರಲ್ಲಿ ನಿಂತಿತು. 50ರಿಂದ 80ರ ನಡುವೆ ಇರಬೇಕೆಂಬುದು ಲೆಕ್ಕ. ಚಾವಡಿಯಲ್ಲಿ ಕುಳಿತು ನೋಡುತ್ತಿದ್ದ ದೊಡ್ಡಮ್ಮ, "ಎಂತ ಮಾರಾಯ, ಇದು ಆಗಲೂ ಹೀಗೆಯೇ ಹೊಗೆ ಬಿಡುತ್ತಿತ್ತು, ನೀನು ಎಂತ ರಿಪೇರಿ ಮಾಡಿದ್ದು?" ಎಂದರು.

ಗೇರ್ ಹಾಕಲು ಹೋದರೆ ಕ್ಲಚ್ ಬಿಡಲಿಲ್ಲ. ಪ್ಲೇಟ್ ತುಕ್ಕಿನಿಂದ ಫ್ಲೈವೀಲಿಗೆ ಅಂಟಿತ್ತು. ಪೆಡಲನ್ನು ಪೂರ್ತಿ ಒತ್ತಿ, ಸೀಟಿಗೂ ಪೆಡಲಿಗೂ ನಡುವೆ ಒಂದು ಅಡಿಕೆಸಲಿಕೆಯನ್ನು (ಅಡಿಕೆ ಮರದ ಸೀಳನ್ನು) ಊರುಗೋಲಾಗಿ ಕೊಟ್ಟು ಎರಡು ದಿನ ಬಿಟ್ಟೆವು. ಮೂರನೆಯ ದಿನ ಎಂಜಿನ್ ಬಿಸಿ ಮಾಡುವಾಗ ತಾನಾಗಿಯೇ ಬಿಟ್ಟಿತು.

ಓಡಿಸುವ ಹಕ್ಕು ಬೇರೆ ವಿಷಯ. ನೋಂದಣಿಯ ಅವಧಿ ಎಂದೋ ಮುಗಿದಿತ್ತು. 2021ರ ಜುಲೈಯಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆಂದು ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲಿಯೇ ಉಳಿಸಿಕೊಂಡ ದ್ವಿಚಕ್ರ, ಚತುಶ್ಚಕ್ರ ವಾಹನಗಳಿಗೆ ಇದು ಅನ್ವಯಿಸುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ ಊರ್ಜಿತ, ನವೀಕರಣಕ್ಕೆ 5,000 ರೂಪಾಯಿ. ನಂಬರ್ ಫಲಕದಲ್ಲಿ ರಾಜ್ಯದ ಅಕ್ಷರಗಳ ಪಕ್ಕದಲ್ಲಿ 'ವಿಎ' ಎಂದಿರುತ್ತದೆ. ಆದರೆ ಹೀಗೆ ನೋಂದಾಯಿಸಿದ ವಾಹನವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲ್ ತುಂಬಿಸುವುದು, ದುರಸ್ತಿ ಇಂತಹ ಕಾರಣಗಳಿಗೆ ಮಾತ್ರ ರಸ್ತೆಗೆ ಇಳಿಸಬಹುದು. ಚಾಸಿಸ್, ಬಾಡಿ, ಎಂಜಿನುಗಳಲ್ಲಿ ದೊಡ್ಡ ಮಾರ್ಪಾಡು ಮಾಡಿದರೆ ವಿಂಟೇಜ್ ಎಂಬ ಮಾನ್ಯತೆಯೇ ಸಿಗುವುದಿಲ್ಲ. ಹಾಗಾಗಿ ಎಂಜಿನ್ ಸರಿಯಾಗದಿದ್ದರೆ ಮಾರುತಿಯದೊಂದನ್ನು ಕೂರಿಸೋಣ ಎಂದು ಸಲಹೆ ಕೊಡುವ ಗೆಳೆಯರನ್ನು ದೂರವಿಡಿ.

ಮಳೆಗಾಲದ ವ್ಯವಸ್ಥೆ ಹೇಳಿ ಮುಗಿಸುತ್ತೇನೆ. ಮೇ ಕೊನೆಗೆ, ಮದ್ದಿನ ಎಂಜಿನ್ ಹೊರಗೆ ಬರುವ ದಿನವೇ, ಕಾರು ಒಳಗೆ ಹೋಗುತ್ತದೆ. ಟ್ಯಾಂಕಿನ ಪೆಟ್ರೋಲನ್ನು ತೆಗೆದು ಮದ್ದಿನ ಎಂಜಿನಿಗೇ ಸುರಿಯುತ್ತೇವೆ, ಕಾರ್ಬುರೇಟರಿನಲ್ಲಿ ಉಳಿದದ್ದು ಮುಗಿದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸುತ್ತೇವೆ. ಬ್ಯಾಟರಿ ಬಿಚ್ಚಿ ಮನೆಯೊಳಗೆ. ಪ್ಲಗ್ ತೆಗೆದು ಪ್ರತಿ ಸಿಲಿಂಡರಿಗೆ ಒಂದು ಚಮಚೆ ಎಂಜಿನ್ ಆಯಿಲ್. ಸೈಲೆನ್ಸರಿನ ಬಾಯಿಗೂ ಕಾರ್ಬುರೇಟರಿನ ಬಾಯಿಗೂ ಎಣ್ಣೆಬಟ್ಟೆಯ ಮುಚ್ಚಳ, ಇದರಿಂದ ಇಲಿಯೂ ಒಳಗೆ ಹೋಗದು, ತೆರೆದ ವಾಲ್ವಿನ ಕಡೆಗೆ ಗಾಳಿಯೂ ನುಗ್ಗದು. ನಾಲ್ಕೂ ಚಕ್ರ ನೆಲ ಬಿಟ್ಟಿರುವಂತೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟು, ಕ್ಲಚ್ ಪೆಡಲಿಗೆ ಅದೇ ಸಲಿಕೆ. ಹದಿನೈದು ದಿನಕ್ಕೊಮ್ಮೆ ಸ್ಪ್ಯಾನರಿನಿಂದ ಕ್ರ್ಯಾಂಕನ್ನು ಒಂದೂಕಾಲು ಸುತ್ತು ತಿರುಗಿಸಿ, ಪುಲ್ಲಿಯ ಗೆರೆ ಎಲ್ಲಿ ನಿಂತಿತೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ಮೈಲುತುತ್ತಿನ ಗೋಣಿಗಳು ಈಗ ಹಟ್ಟಿಯ ಆಚೆಗಿನ ಬೇರೆ ಕೋಣೆಯಲ್ಲಿವೆ.